ಹರಿಶ್ಚಂದ್ರ ಗಾರ್ಡನ್ಸ್‌ಗೆ ಬರೆಯಲು ಬಂದವಳು

2014 ಜುಲೈ 7, ಸೋಮವಾರ

ಮೈದುನ ಯಶ್ವಂತ್ ಬೆಳಿಗ್ಗೆಯೇ ಬಂದು ಕೂತಿದ್ದ. ಉಲ್ಹಾಸನಗರದ ಹೋಟೆಲು ನೋಡಿಕೊಳ್ಳಲು ಅವನಿಗೆ ಪುರುಸೊತ್ತಿಲ್ಲ, ನನ್ನ ಸೋಫಾದ ಮೇಲೆ ಕೂತು ಬುದ್ಧಿ ಹೇಳಲು ಮಾತ್ರ ಇಡೀ ದಿನ ಇದೆ. ಖಾರ್‌ಘರ್‌ನ ಹೌಸಿಂಗ್ ಸೊಸೈಟಿಯಲ್ಲಿ ಹೊಸ ಕಮಿಟಿ ಬಂದಿದೆಯಂತೆ. ಅಲ್ಲಿಯ ಅಷ್ಟೂ ಬಿಲ್ಡಿಂಗ್‌ಗಳ ತೋಟ ಹಾಕಿದ್ದು, ವರ್ಷಗಟ್ಟಲೆ ನೋಡಿಕೊಂಡು ಬಂದದ್ದು ಇವರು, ನಮ್ಮ ಯಜಮಾನರು. ಈಗ ಎಲ್ಲರಂತೆ ಹೊಸದಾಗಿ ಅರ್ಜಿ ಹಾಕಬೇಕಂತೆ. ಕಂಪನಿಗೆ ವೆಬ್‌ಸೈಟ್ ಇರಬೇಕಂತೆ, ಕೆಲಸದ ವಿವರ ಇಂಗ್ಲಿಷಿನಲ್ಲಿ ಬರೆದು ಕೊಡಬೇಕಂತೆ.

"ಅತ್ತಿಗೆ, ಇದೆಲ್ಲ ನಿಮ್ಮಿಂದ ಆಗುವ ಕೆಲಸ ಅಲ್ಲ. ಥಾಣೆ ಪಟ್ಟಣದಲ್ಲಿ ನನ್ನ ಪರಿಚಯದ ಕಾಂಟ್ರಾಕ್ಟರ್ ಒಬ್ಬ ಇದ್ದಾನೆ. ಟೆಂಪೋ, ನರ್ಸರಿ, ಆಳುಗಳು, ಎಲ್ಲ ಅವನಿಗೆ ಕೊಟ್ಟುಬಿಡುವ. ನೀವು ಮನೆಯಲ್ಲಿ ಅಣ್ಣನನ್ನು ನೋಡಿಕೊಳ್ಳಿ."

ಅಣ್ಣನ ಮಂಚದ ಎದುರೇ ನಿಂತು ಹೀಗೆ ಹೇಳಿದ. ಮಾರ್ಚ್‌ನಲ್ಲಿ ಸ್ಟ್ರೋಕ್ ಆದಮೇಲೆ ಇವರ ಬಲಗೈ ಬಲಗಾಲು ಏಳುವುದಿಲ್ಲ. ಬಾಯಲ್ಲಿ ಉಳಿದಿರುವುದು ನಮ್ಮ ತುಳುವಿನ ಒಂದೇ ಮಾತು, "ಇಜ್ಜಿ". ಇಲ್ಲ ಎಂದು. ಚಹಾ ಬೇಕೇ ಅಂದರೂ ಇಜ್ಜಿ, ಬೇಡವೇ ಅಂದರೂ ಇಜ್ಜಿ. ಇವತ್ತು ಅದು ಸರಿಯಾದ ಜಾಗಕ್ಕೆ ಬಂದು ಕೂತಿತು. ಯಶ್ವಂತ್ ಮಾತು ಮುಗಿಸುವ ಮೊದಲೇ "ಇಜ್ಜಿ" ಅಂದರು. ಅವನ ಮುಖ ನೋಡಿ ನನಗೆ ಹೊಟ್ಟೆ ತುಂಬಿದ ಹಾಗಾಯಿತು.

ಇವರ ಕೆಲಸ ಇವರದೇ ಆಗಿ ಉಳಿಯಬೇಕು. ಇವರು ಎದ್ದು ನಿಲ್ಲುವವರೆಗೆ ನಾನು ಕಾಯುತ್ತೇನೆ, ಅಷ್ಟೇ. ಸೊಸೈಟಿಯವರಿಗೆ ಇವರು ಜಾಗದ ತಕರಾರಿಗೆ ಕಾಪುವಿಗೆ, ಊರಿಗೆ ಹೋಗಿದ್ದಾರೆ ಎಂದು ಹೇಳಿದ್ದೇನೆ. ಹಾಸಿಗೆ ಹಿಡಿದವನಿಗೆ ಯಾರು ಕೆಲಸ ಕೊಡುತ್ತಾರೆ?

ಇವರಿಗೆ ವ್ಯಾಯಾಮ ಮಾಡಿಸಲು ಬರುವ ಹುಡುಗಿಗೆ ಇಂಥ ಬರವಣಿಗೆ ಮಾಡುವವಳೊಬ್ಬಳ ಪರಿಚಯ ಇದೆಯಂತೆ. ಬರಲಿ. ನಾಲ್ಕು ಸಾಲು ಬರೆಯಲು ಒಬ್ಬಳು ಬೇರೆ.

ಜುಲೈ 10, ಗುರುವಾರ

ಬಂದಳು. ಹೆಸರು ತೃಪ್ತಿ. ಅಪ್ಪ ಅಮ್ಮ ಉಡುಪಿ ಕಡೆಯವರು, ಇವಳು ಹುಟ್ಟಿದ್ದು ಬೆಳೆದದ್ದು ಡೊಂಬಿವಲಿಯಲ್ಲಿ. ಕನ್ನಡ ಆಡಿದರೆ ಅದರ ಅರ್ಧ ಹಿಂದಿ. ಫ್ರೀಲಾನ್ಸ್ ಅಂತೆ. ಆಫೀಸಿಲ್ಲ, ಸಾಹೇಬರಿಲ್ಲ, ಹೇಳುವವರು ಕೇಳುವವರು ಯಾರೂ ಇಲ್ಲ ಎಂದು ಅದರ ಅರ್ಥ ಇರಬೇಕು. ನಾನು ಹೇಳಿದ್ದನ್ನು ಬರೆದುಕೊಂಡು ಹೋಗುತ್ತಾಳೆ ಅಂದುಕೊಂಡಿದ್ದೆ. ಪೊಲೀಸ್ ಠಾಣೆಯಲ್ಲಿ ಕೇಳಿದ ಹಾಗೆ ಕೇಳಿದಳು.

"ಆಂಟಿ, ಇದನ್ನ ಓದೋರು ಯಾರು?"

"ಕಣ್ಣಿದ್ದವರು."

"ಮತ್ಲಬ್, ಸೊಸೈಟಿಯವರಾ, ಬಂಗ್ಲೆಯವರಾ? ಅವರಿಗೆ ಯಾವುದರ ಹೆದರಿಕೆ ಜಾಸ್ತಿ? ಹುಲ್ಲು ಒಣಗಿದ್ರೆ ನೀವು ಬದಲಾಯಿಸಿ ಕೊಡ್ತೀರಾ?"

"ನಮ್ಮ ಹುಲ್ಲು ಒಣಗುವುದಿಲ್ಲ."

"ಎಲ್ಲರ ಹುಲ್ಲೂ ಒಣಗ್ತದೆ ಆಂಟಿ."

ನವಿ ಮುಂಬೈಯ ನಂಬರ್ ಒನ್ ಗಾರ್ಡನ್ ಕಂಪನಿ ಎಂದು ಮೊದಲ ಸಾಲಿನಲ್ಲೇ ಹಾಕು ಅಂದೆ. ಅದನ್ನು ಎಲ್ಲರೂ ಹಾಕುತ್ತಾರೆ, ಓದುವವರು ದಾಟಿಕೊಂಡು ಹೋಗುತ್ತಾರೆ ಅಂದಳು. ಅವಳು ಬರೆದು ತರುತ್ತಾಳಂತೆ, ನಾನು ಎರಡು ಸಲ ತಿದ್ದಿಸಬಹುದಂತೆ, ಮೂರನೇ ಸಲಕ್ಕೆ ಬೇರೆ ದುಡ್ಡಂತೆ. ಅದಕ್ಕೂ ಮೊದಲು ಸೈಟು ನೋಡಬೇಕಂತೆ. ಮಳೆಯಲ್ಲಿ. ಬರೆಯುವವಳಿಗೆ ಸೈಟು ಯಾಕೆ? ಮಣ್ಣು ಹೊರುತ್ತಾಳೆಯೇ?

ನಾನೂ ಜೊತೆಗೆ ಬರಬೇಕಂತೆ.

ಜುಲೈ 11, ಶುಕ್ರವಾರ

ಇವರಿಗೆ ಸ್ವಲ್ಪ ಜ್ವರ. ಬೇರೇನೂ ಇಲ್ಲ.

ಜುಲೈ 15, ಮಂಗಳವಾರ

ಪಕ್ಕದ ಮನೆಯ ಗುರಮ್ಮನನ್ನು ಇವರ ಹತ್ತಿರ ಕೂರಿಸಿ ಖಾರ್‌ಘರ್‌ಗೆ ಹೋದೆವು. ಟೆಂಪೋದಲ್ಲಿ ಮಾಲಿಗಳ ಮುಖ್ಯಸ್ಥ ಸೈದಪ್ಪ, ನಾನು, ನಮ್ಮ ನಡುವೆ ಆ ಹುಡುಗಿ. ಶಿಳ್ ಫಾಟಾ ಕ್ರಾಸಿನಲ್ಲಿ ಟ್ರಾಫಿಕ್ಕು. ಅಲ್ಲೂ ಅವಳ ಬಾಯಿ ನಿಲ್ಲಲಿಲ್ಲ, ಸೈದಪ್ಪನಿಗೆ ಯಾದಗಿರಿಯಲ್ಲಿ ಎಷ್ಟು ಮಳೆ ಎಂಬಲ್ಲಿಂದ ಶುರು.

ಸಿ ಬಿಲ್ಡಿಂಗಿನ ಮುಂದೆ ಹುಲ್ಲು ನೀರಲ್ಲಿ ಮುಳುಗಿ ಹೋಗಿತ್ತು. ಸೈದಪ್ಪ ಪ್ಯಾಂಟು ಮಡಚಿ ನಿಂತು ನನ್ನ ಮುಖ ನೋಡಿದ.

"ಅಕ್ಕಾರ, ನೀರ್ ನಿಂತದ ನೋಡ್ರಿ. ಅಣ್ಣಾರ್ ಇದ್ದಿದ್ರ ಅವ್ರ ಹೇಳ್ತಿದ್ರು. ಈಗ ಏನ್ ಮಾಡೂಣು?"

ನನಗೇನು ಗೊತ್ತು. ಇವರು ಮನೆಗೆ ಬಂದು ಹೇಳುತ್ತಿದ್ದ ಮಾತುಗಳು ಅಷ್ಟಿಷ್ಟು ಕಿವಿಗೆ ಬಿದ್ದಿವೆ. ನೀರು ಗಟಾರದ ಕಡೆಗೆ ಇಳಿಯಬೇಕು, ಜಾರುಬಂಡೆಯ ಹತ್ತಿರ ಕಾಲುವೆ ತೆಗೆದರೆ ಮಕ್ಕಳು ಬೀಳುತ್ತಾರೆ. ಹಾಗಾಗಿ ಗೋಡೆಯ ಬದಿಯಿಂದ ತೆಗೆಯಿರಿ ಅಂದೆ. ಆಳುಗಳು ಅಗೆದರು. ನೀರು ಹೋಯಿತು. ಯಾರಾದರೂ ಏನಾದರೂ ಹೇಳಲೇಬೇಕಿತ್ತು, ಹೇಳಿದೆ. ಆ ಹುಡುಗಿ ಕೊಡೆ ಹಿಡಿದುಕೊಂಡು ಅದನ್ನೂ ಬರೆದುಕೊಂಡಳು.

ವಾಚ್‌ಮನ್ ಬಂದು, ಸಾಹೇಬರು ಯಾವಾಗ ಬರುತ್ತಾರೆ ಎಂದು ಕೇಳಿದ. ಊರಲ್ಲಿದ್ದಾರೆ, ಬರುತ್ತಾರೆ ಅಂದೆ. ತೃಪ್ತಿ ನನ್ನನ್ನೇ ನೋಡಿದಳು. ಟೆಂಪೋ ಹತ್ತಿದ ಮೇಲೆ ಕೇಳಿದಳು, "ಊರಲ್ಲಿದ್ದಾರೆ ಅಂದ್ರಲ್ಲ?"

"ನಿನಗೆ ಬೇಕಾದ್ದು ತೋಟದ ವಿಷಯ. ಅದನ್ನು ಬರಿ."

ಕಲ್ಯಾಣದ ನಮ್ಮ ಮನೆ ಬರುವವರೆಗೆ ಬರೆಯುತ್ತಾ ಕೂತಳು. ಅಷ್ಟಾದರೂ ಪುಣ್ಯ.

ಜುಲೈ 21, ಸೋಮವಾರ

ಬಾಗಿಲಿಗೆ ಚಿಲಕ ಹಾಕಿ ಬಂದು ಬರೆಯುತ್ತಿದ್ದೇನೆ.

ತೃಪ್ತಿ ಬರೆದದ್ದನ್ನು ತಂದಿದ್ದಳು. ನನ್ನ ಇಂಗ್ಲಿಷು ಗ್ಯಾಸಿನ ಬಿಲ್ಲು ಓದುವಷ್ಟು. ಅವಳೇ ಕನ್ನಡದಲ್ಲಿ ಹೇಳಿದಳು. ಮೊದಲ ಪುಟ ಪರವಾಗಿಲ್ಲ. ಎರಡನೆಯದರಲ್ಲಿ ಹೀಗಿತ್ತು: "ಈ ತೋಟಗಳನ್ನು ಹಾಕಿದ ಹರಿಶ್ಚಂದ್ರ ಅವರಿಗೆ ಮಾರ್ಚ್‌ನಲ್ಲಿ ಸ್ಟ್ರೋಕ್ ಆಯಿತು. ಈಗ ಸೈಟಿಗೆ ಬರುವವರು ಅವರ ಹೆಂಡತಿ ರತ್ನಾವತಿ."

"ನಮ್ಮ ಮನೆಯ ಕಾಯಿಲೆಯನ್ನು ಊರಿಗೆಲ್ಲ ಸಾರಲು ನಿನ್ನನ್ನು ಕರೆದದ್ದಾ?"

"ಆಂಟಿ, ಕೆಲಸ ಕೊಟ್ಟ ಮೇಲೆ ಗೇಟಿಗೆ ಬರೋದು ನೀವು. ಓದಿದವರು ಅಂಕಲ್‌ಗೆ ಕಾಯ್ತಿರ್ತಾರೆ. ಆವಾಗ ಏನ್ ಹೇಳ್ತೀರಿ?"

"ಅವರು ಬರ್ತಾರೆ."

ಮನೆಗೆ ಬಂದವಳಲ್ಲವೇ ಎಂದು ಸಿಟ್ಟು ನುಂಗಿಕೊಂಡು ಚಹಾ ಇಡಲು ಒಳಗೆ ಹೋದೆ. ತಿರುಗಿ ಬಂದು ನೋಡಿದರೆ ಇವರ ಮಂಚದ ಬದಿಯಲ್ಲಿ ಸ್ಟೂಲು ಹಾಕಿಕೊಂಡು ಅದೇ ಸಾಲುಗಳನ್ನು ಇವರಿಗೆ ಓದಿ ಹೇಳುತ್ತಿದ್ದಾಳೆ. "ಅಂಕಲ್, ಸರಿ ಇದೆಯಾ? ನಿಮ್ಮ ಬಗ್ಗೆ ಬರೆದದ್ದು, ನಿಮ್ಮನ್ನ ಕೇಳಬೇಕಲ್ಲ." ಇವರ ಕಣ್ಣಿಂದ ನೀರು ಇಳಿದು ಕಿವಿಯ ಹತ್ತಿರ ದಿಂಬು ಒದ್ದೆಯಾಗಿತ್ತು. ಮಾರ್ಚ್‌ನಿಂದ ಇಲ್ಲಿಯವರೆಗೆ ಇವರ ಎದುರು ಆ ಕಾಯಿಲೆಯ ಹೆಸರನ್ನು ನಾನು ಎತ್ತಿರಲಿಲ್ಲ.

ಅವಳ ಬ್ಯಾಗನ್ನು ಎತ್ತಿ ಬಾಗಿಲ ಹೊರಗೆ ಇಟ್ಟೆ. ಕೊಡೆಯನ್ನು ಇಡಲಿಲ್ಲ, ಎಸೆದೆ. ಮೆಟ್ಟಿಲ ಮೇಲೆ ಉರುಳಿಕೊಂಡು ಹೋಯಿತು.

ಜುಲೈ 22, ಮಂಗಳವಾರ

ಇವರು ಊಟ ಮಾಡಲಿಲ್ಲ. ಎಲ್ಲ ಆ ಹುಡುಗಿಯಿಂದ.

ಜುಲೈ 30, ಬುಧವಾರ

ಬರೆಯುವುದು ಹೇಗೆಂದು ಅವಳು ಬಂದು ನೋಡಬೇಕಿತ್ತು. ಯಶ್ವಂತ್ ಹೇಳಿದ ಯಾರೋ ಒಬ್ಬ ಮುಖವನ್ನೂ ತೋರಿಸದೆ, ಒಂದೇ ಒಂದು ಪ್ರಶ್ನೆ ಕೇಳದೆ, ಪುಟಗಟ್ಟಲೆ ಇಂಗ್ಲಿಷು ಬರೆದು ಈಮೇಲ್ ಮಾಡಿದ್ದಾನೆ. ಯಶ್ವಂತ್ ಮೊದಲ ಎರಡು ಸಾಲು ಓದಿ "ಫಸ್ಟ್ ಕ್ಲಾಸ್ ಉಂಟು ಅತ್ತಿಗೆ" ಅಂದ. ಅವನ ಬಾಯಲ್ಲಿ ಒಳ್ಳೆಯ ಮಾತು ಬರುವುದೇ ಅಪರೂಪ. ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಕಲರ್ ಪ್ರಿಂಟ್ ತೆಗೆಸಿ, ಪ್ಲಾಸ್ಟಿಕ್ ಹೊದಿಕೆ ಹಾಕಿಸಿ, ಕಮಿಟಿಯವರಿಗೆ ಕಳಿಸಿದೆ.

ಆಗಸ್ಟ್ 10, ಭಾನುವಾರ

ಬರೆಯಬಾರದು ಅಂದುಕೊಂಡೆ. ಬರೆಯದೆ ಇದ್ದರೆ ತಲೆ ಒಡೆದುಹೋಗುತ್ತದೆ.

ಸೊಸೈಟಿಯ ಆಫೀಸಿನಲ್ಲಿ ಕಮಿಟಿಯವರೆಲ್ಲ ಇದ್ದರು. ಯಶ್ವಂತ್ ಇಸ್ತ್ರಿ ಮಾಡಿದ ಶರ್ಟು ಹಾಕಿ ನನ್ನ ಪಕ್ಕ ಕೂತಿದ್ದ. ಸೆಕ್ರೆಟರಿ ಕನ್ನಡಕ ಏರಿಸಿಕೊಂಡು ನನ್ನ ಪ್ಲಾಸ್ಟಿಕ್ ಹೊದಿಕೆಯ ಪುಸ್ತಕ ತೆರೆದರು. ಒಂದೊಂದೇ ಸಾಲು ಇಂಗ್ಲಿಷಿನಲ್ಲಿ ಓದಿ, ನನಗೆ ತಿಳಿಯಲಿ ಎಂದು ಹಿಂದಿಯಲ್ಲಿ ಹೇಳಿದರು. ಹಿಮ ಬೀಳುವ ಮೊದಲು ನಿಮ್ಮ ಹುಲ್ಲುಹಾಸನ್ನು ಸಿದ್ಧ ಮಾಡಿ ಕೊಡುತ್ತೇವೆ. ಉದುರಿದ ಮೇಪಲ್ ಮರದ ಎಲೆಗಳನ್ನು ಗುಡಿಸುತ್ತೇವೆ. ನಿಮ್ಮ ಕಾರು ಹೊರಬರುವ ದಾರಿಯ ಹಿಮವನ್ನು ಬೆಳಗಾಗುವುದರೊಳಗೆ ಎತ್ತುತ್ತೇವೆ.

"ರತ್ನಾವತಿಬಾಯಿ, ಖಾರ್‌ಘರ್‌ನಲ್ಲಿ ಹಿಮ ಯಾವ ತಿಂಗಳಲ್ಲಿ ಬೀಳ್ತದೆ?"

ಎಲ್ಲರೂ ನಕ್ಕರು. ಚಹಾ ತಂದವನೂ ನಕ್ಕ. ಯಶ್ವಂತ್ ಮೊಬೈಲ್ ನೋಡುತ್ತಾ ಕೂತ. ನಗು ನಿಂತ ಮೇಲೆ ಎದ್ದು, ಅಣ್ಣ ಊರಿಂದ ಬರುವವರೆಗೆ ಅತ್ತಿಗೆ ಸುಮ್ಮನೆ ನೋಡಿಕೊಳ್ಳುತ್ತಿದ್ದಾರೆ, ಅವರಿಗೆ ಇದೆಲ್ಲ ತಿಳಿಯುವುದಿಲ್ಲ, ಇನ್ನು ಮುಂದೆ ನಾನೇ ನೋಡಿಕೊಳ್ಳುತ್ತೇನೆ ಅಂದ. ಆ ಕಾಗದ ತರಿಸಿದವನು ಅವನು. ಅದನ್ನು ಮಾತ್ರ ಹೇಳಲಿಲ್ಲ.

ಕಮಿಟಿಯಲ್ಲಿ ಒಬ್ಬಳೇ ಹೆಂಗಸು, ಗಿಡ್ಡಕೂದಲಿನವಳು. ನಗದೆ ಇದ್ದವಳು ಅವಳೊಬ್ಬಳೇ. ಇಪ್ಪತ್ನಾಲ್ಕಕ್ಕೆ ಎಲ್ಲರ ಅರ್ಜಿ ನೋಡುತ್ತೇವೆ, ಅದರೊಳಗೆ ಸರಿಯಾದ್ದನ್ನು ಕೊಡಿ ಅಂದಳು.

ಥಾಣೆಗೆ ಹೋಗುವ ಲೋಕಲ್ ರೈಲಿನಲ್ಲಿ ಮುಖ ಕಿಟಕಿಗೆ ಒತ್ತಿ ಕೂತು ಬಂದೆ.

ಆಗಸ್ಟ್ 11, ಸೋಮವಾರ

ಡೊಂಬಿವಲಿ ಪೂರ್ವ, ಮೂರನೇ ಮಹಡಿ, ಲಿಫ್ಟ್ ಇಲ್ಲ. ತೃಪ್ತಿ ಬಾಗಿಲಿನ ಸರಪಳಿ ತೆಗೆಯದೆ ಸಂದಿಯಿಂದಲೇ ನೋಡಿದಳು.

"ಏನು ಆಂಟಿ?"

ಪ್ಲಾಸ್ಟಿಕ್ ಹೊದಿಕೆಯ ಪುಸ್ತಕವನ್ನು ಸಂದಿಯಿಂದ ಒಳಗೆ ತಳ್ಳಿದೆ. ಓದಿದಳು. ನಗುತ್ತಾಳೆ, ನಕ್ಕರೆ ಎರಡು ಮಾತು ಅಂದು ಇಳಿದು ಹೋಗುವುದು ಎಂದು ನಿಂತಿದ್ದೆ. ನಗಲಿಲ್ಲ.

"ಅಮೆರಿಕದ ಯಾವುದೋ ಕಂಪನಿಯದ್ದು ಎತ್ತಿ ಹಾಕಿದ್ದಾನೆ. ಹೆಸರು ಮಾತ್ರ ನಿಮ್ಮದು." ಸರಪಳಿ ತೆಗೆದಳು. "ನನ್ನ ಕೊಡೆಯ ಕಡ್ಡಿ ಮುರಿದಿದೆ."

"ಹೊಸದು ತೆಗೆದುಕೊಡ್ತೇನೆ."

"ಕೊಡೆ ಬೇಡ. ಅಂಕಲ್‌ಗೆ ನಾನು ಕೇಳದೆ ಓದಬಾರದಿತ್ತು, ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು. ಅದು ನನ್ನ ತಪ್ಪು. ಬಾಕಿ ಎಲ್ಲ ನಿಮ್ಮದು. ಇನ್ನು ಸುಳ್ಳು ಹೇಳಿದ್ರೆ ನಾನು ಬರೆಯಲ್ಲ. ಇನ್ನೊಂದು ಸಲ ಹೊರಗೆ ಹಾಕಿದ್ರೆ ವಾಪಸ್ ಬರಲ್ಲ."

ಹೀಗೆ ಬೆರಳು ಎತ್ತಿ ಇಷ್ಟು ಮಾತು ನನ್ನ ಅತ್ತೆಯೂ ನನಗೆ ಅಂದಿರಲಿಲ್ಲ. ತಿರುಗಿ ಬರಬೇಕಿತ್ತು. ಮೂರು ಮಹಡಿ ಹತ್ತಿ ಮಂಡಿ ನೋಯುತ್ತಿತ್ತು, ಒಳಗೆ ಹೋಗಿ ಕೂತೆ.

ಇವರ ಬಗ್ಗೆ ಏನೂ ಕೇಳಲಿಲ್ಲ. ಹೋದ ತಿಂಗಳು ನಾನು ಏನೇನು ಮಾಡಿದೆ ಎಂದು ಕೇಳಿದಳು. ಏನು ಮಾಡಿದೆ? ಕಾಲುವೆ ತೆಗೆಸಿದೆ. ಇ ಬಿಲ್ಡಿಂಗಿನ ಬೇಲಿ ಕತ್ತರಿಸುವಾಗ ಹಕ್ಕಿ ಗೂಡು ಸಿಕ್ಕಿತು, ಆ ತುಂಡನ್ನು ಕತ್ತರಿಸದೆ ಬಿಡಿಸಿದೆ, ಅದಕ್ಕೆ ಇಬ್ಬರು ಮುದುಕರು ಜಗಳಕ್ಕೆ ಬಂದರು. ಕೆಂಪು ಮಣ್ಣಿನ ಜೊತೆಗೆ ಕಲ್ಲು ತುಂಬಿ ಕಳಿಸಿದವನ ಲಾರಿಯನ್ನು ಗೇಟಿನಿಂದಲೇ ತಿರುಗಿಸಿದೆ. ಹೇಳುತ್ತಾ ಹೋದಂತೆ ಇನ್ನೂ ಇನ್ನೂ ಬಂತು. ಗಂಟಲು ಒಣಗಿತು. ನೀರು ತಂದುಕೊಟ್ಟಳು, ಚಹಾ ಕೊಡಲಿಲ್ಲ.

ಆಗಸ್ಟ್ 19, ಮಂಗಳವಾರ

ಇವತ್ತು ತೃಪ್ತಿಯ ಜೊತೆ ಫೋನಿನಲ್ಲಿ ಜಗಳ. ಊಟ ತಣ್ಣಗಾಯಿತು.

ಸತ್ತ ಗಿಡವನ್ನೆಲ್ಲ ಬದಲಾಯಿಸಿ ಕೊಡುತ್ತೇವೆ ಎಂದು ಬರೆದಿದ್ದಾಳೆ. ಯಾರನ್ನು ಕೇಳಿ ಬರೆದಳು? ಮಳೆಗೆ ಕೊಳೆತರೆ ನನ್ನ ಹೊಣೆ, ಹುಳ ಬಿದ್ದರೆ ನನ್ನ ಹೊಣೆ. ಮಕ್ಕಳು ಕ್ರಿಕೆಟ್ ಆಡಿ ಮುರಿದರೆ ಅಲ್ಲ. ಆದರೆ ಆಡಲು ಎಲ್ಲಿ ಜಾಗ ಬಿಟ್ಟರೆ ಗಿಡ ಉಳಿಯುತ್ತದೆ ಎಂದು ನಾನು ಮೊದಲೇ ತೋರಿಸಿ ಕೊಡಬಲ್ಲೆ ಅಂದೆ. "ಇದನ್ನೇ ಹಾಕ್ತೀನಿ ಆಂಟಿ, ಹೀಗೆಯೇ" ಅಂದಳು. ಕ್ರಿಕೆಟ್ಟನ್ನೂ ಹಾಕಿದಳು. ನಾನು ಹಾಕಿಸಿದ್ದ "ಸುಂದರ" ಎಲ್ಲವನ್ನೂ ತೆಗೆದುಹಾಕಿದಳು. ಒಂದನ್ನಾದರೂ ಬಿಡು ಅಂದರೆ ಫೋಟೋದಲ್ಲಿ ಕಾಣುತ್ತದಲ್ಲ ಅನ್ನುತ್ತಾಳೆ.

ಕಾಯಿಲೆಯ ಸಾಲು ಮತ್ತೆ ಬಂದಿತ್ತು. ಫೋನು ಇಟ್ಟು ಹೋಗಿ ಇವರನ್ನು ಕೇಳಿದೆ, ಹಾಕಲೇ ಎಂದು. "ಇಜ್ಜಿ" ಅಂದರು. ಎಲ್ಲದಕ್ಕೂ ಅದೇ ಅನ್ನುವವರ ಮಾತು ಹೌದೋ ಅಲ್ಲವೋ ಹೇಗೆ ತಿಳಿಯುವುದು? ಇರಲಿ, ಹಾಕು ಅಂದೆ. ಆದರೆ "ಹೆಂಡತಿ" ಎಂಬುದನ್ನು ತೆಗೆಸಿದೆ. ಹಾಗೆ ಬರೆದರೆ ಒಲೆಯ ಮೇಲೆ ಸಾರಿಟ್ಟು ಬಂದು ನಿಂತವಳು ಅಂದುಕೊಳ್ಳುತ್ತಾರೆ. ರತ್ನಾವತಿ ಅಂದರೆ ಸಾಕು. ಉದ್ದ ಯಾಕೆ?

ಇದು ಮೂರನೇ ಸಲದ ತಿದ್ದುಪಡಿ ಎಂದು ನೆನಪಿಸಿದಳು. ಜಿಪುಣಿ.

ಆಗಸ್ಟ್ 22, ಶುಕ್ರವಾರ

ಕಮಿಟಿಗೆ ಕೊಟ್ಟ ಹೊಸ ಕಾಗದ ಯಶ್ವಂತ್ ಕಣ್ಣಿಗೂ ಬಿದ್ದಿದೆ, ಬಾಗಿಲಲ್ಲೇ ಶುರು ಮಾಡಿದ. ಅಣ್ಣನ ಮಾನ ಕಳೆಯುತ್ತೀರಿ, ಕಾಯಿಲೆ ತೋರಿಸಿ ಭಿಕ್ಷೆ ಬೇಡುತ್ತೀರಿ ಅಂದ. ಹಿಮ ಎತ್ತುವುದಕ್ಕಿಂತ ವಾಸಿ ಅಂದೆ. ಬಂದ ಹಾಗೆಯೇ ಹೋದ. ಆಮೇಲೆ ಗೊತ್ತಾಯಿತು, ಸೈದಪ್ಪನನ್ನೂ ಅವನ ಜನರನ್ನೂ ಥಾಣೆಯ ಕಾಂಟ್ರಾಕ್ಟರ್ ಹತ್ತಿರ ಬನ್ನಿ ಎಂದು ಕರೆದಿದ್ದಾನೆ. ನರ್ಸರಿಗೆ ಹೋಗಿ ಸೈದಪ್ಪನನ್ನೇ ಕೇಳಿದೆ.

"ಕರದಾರ್ರಿ ಅಕ್ಕಾರ. ನೀವು ಖಾರ್‌ಘರ್ ತಗೊಂಡ್ರ ಇಲ್ಲೇ ಇರ್ತೀನಿ. ಕೈ ಬಿಟ್ಟು ಹೋತಂದ್ರ ಹೋಗೂದಾ. ಮನಿ ನಡೀಬೇಕಲ್ರಿ."

ಸರಿಯಾಗಿ ಹೇಳಿದ. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ಹಾಗಾದರೆ ಸೋಮವಾರ ಹುಲ್ಲು ಕತ್ತರಿಸುವ ಮೆಷಿನ್ನಿನ ಬ್ಲೇಡು ಸಾಣೆ ಹಿಡಿಸಿಡು ಎಂದು ಹೇಳಿ ಬಂದೆ.

ಆಗಸ್ಟ್ 24, ಭಾನುವಾರ

ಆಫೀಸಿನ ಹೊರಗಿನ ಬೆಂಚಿನ ಮೇಲೆ ಥಾಣೆಯ ಕಾಂಟ್ರಾಕ್ಟರ್ ಕೂತಿದ್ದ. ಅವನ ಪಕ್ಕದಲ್ಲಿ ನಮ್ಮ ಯಶ್ವಂತ್. ನನ್ನನ್ನು ನೋಡಿ ಬೂಟಿನ ಲೇಸು ಕಟ್ಟಿಕೊಂಡ.

ಸೆಕ್ರೆಟರಿ ನನ್ನ ಕಾಗದ ಪೂರ್ತಿ ಓದಿಯೇ ಬಂದಿದ್ದರು. ಈ ಸಲ ನಗಲಿಲ್ಲ. ಆದರೆ ದನಿ ಚೂರಿಯ ಹಾಗಿತ್ತು.

"ಇಷ್ಟು ದಿನ ಸಾಹೇಬರು ಊರಲ್ಲಿದ್ದಾರೆ ಅಂತ ಹೇಳ್ತಿದ್ರಿ. ಇಲ್ಲಿ ನೋಡಿದ್ರೆ ಸ್ಟ್ರೋಕ್ ಅಂತ ಬರೆದಿದ್ದೀರಿ."

"ಹೇಳಿದ್ದು ಸುಳ್ಳು. ಅವರು ಕಲ್ಯಾಣದ ಮನೆಯಲ್ಲೇ ಇದ್ದಾರೆ, ಮಾರ್ಚ್‌ನಿಂದ. ಮಾರ್ಚ್‌ನಿಂದ ನಿಮ್ಮ ಯಾವ ಕೆಲಸ ನಿಂತಿದೆ, ತೋರಿಸಿ."

ನನ್ನ ಹಿಂದಿ ಕೆಟ್ಟದಾಗಿ ಬಂತು, ದನಿ ಜೋರಾಯಿತು. ಗಿಡ್ಡಕೂದಲಿನ ಹೆಂಗಸು, ಮಳೆಯಲ್ಲಿ ಸಿ ಬಿಲ್ಡಿಂಗಿನ ನೀರು ತೆಗೆಸಿದ್ದು ನೀವೇನಾ ಎಂದು ಕೇಳಿದಳು. ನಾನೇ ಅಂದೆ. ಅವಳು ಅದೇ ಬಿಲ್ಡಿಂಗಿನ ನೆಲಮಹಡಿಯಲ್ಲಿರುವವಳಂತೆ.

ಹೊರಗೆ ಕೂರಿಸಿ ಕಾಯಿಸಿದರು. ಆಮೇಲೆ ಕರೆದು ಹೇಳಿದರು: ಮೂರು ವರ್ಷಕ್ಕೆ ಕೊಡುವುದಿಲ್ಲ, ಒಂದು ವರ್ಷಕ್ಕೆ. ಇನ್ನೊಂದು ಸುಳ್ಳು ಹೇಳಿದರೆ ಆ ದಿನವೇ ಹೊರಗೆ. ಸುಳ್ಳಿನ ಮಾತು ಬಂದಾಗ ಸೆಕ್ರೆಟರಿ ಆ ಹುಡುಗಿಯ ಹಾಗೆಯೇ ಬೆರಳು ಎತ್ತಿದರು. ಎಲ್ಲರೂ ಒಂದೇ ಶಾಲೆಯಲ್ಲಿ ಕಲಿತಿರಬೇಕು.

ಗೇಟಿನಲ್ಲಿ ಯಶ್ವಂತ್ ಅಡ್ಡ ಬಂದ. "ಅಣ್ಣ ಎದ್ದು ಬಂದ ದಿನ ಏನು ಹೇಳ್ತೀರಿ ನೋಡುವ."

"ಎದ್ದು ಬರಲಿ. ಆಮೇಲೆ ನೋಡುವ."

ಸೆಪ್ಟೆಂಬರ್ 3, ಬುಧವಾರ

ವೆಬ್‌ಸೈಟ್ ಶುರುವಾಯಿತು. ಫೋಟೋ ಭಾನುವಾರ ತೆಗೆದದ್ದು. ರೇನ್‌ಕೋಟು ಹಾಕಿ ಕಾಂಪೌಂಡ್ ಗೋಡೆಯ ಹತ್ತಿರ ನಿಂತಿದ್ದೇನೆ. ಮುಖ ಸಿಟ್ಟು ಬಂದವರ ಹಾಗಿದೆ, ಬೇರೆ ಫೋಟೋ ಹಾಕು ಅಂದರೆ ಇದೇ ನಿಮ್ಮ ಹಾಗಿದೆ ಅಂದಳು ತೃಪ್ತಿ.

ಮೊಬೈಲಿನಲ್ಲಿ ಇವರಿಗೆ ತೋರಿಸಿದೆ. ಮೇಲೆ ಹರಿಶ್ಚಂದ್ರ ಗಾರ್ಡನ್ಸ್, ಕೆಳಗೆ ನಾನು, ನನ್ನ ಹೆಸರು. ಬಹಳ ಹೊತ್ತು ನೋಡಿದರು. ಇಜ್ಜಿ ಅಂತ ಕೂಡ ಅನ್ನಲಿಲ್ಲ. ಗೋಡೆಯ ಕಡೆಗೆ ಮುಖ ತಿರುಗಿಸಿದರು. ಗಂಜಿ ತಂದರೆ ಬಾಯಿ ಬಿಗಿಹಿಡಿದರು. ಸೊಸೈಟಿಗೆ ಚಂಪಾ ಗಿಡಗಳು ಬರುವ ದಿನ. ಗಂಜಿಯನ್ನು ಗುರಮ್ಮನ ಕೈಗೆ ಕೊಟ್ಟು ಗಾಡಿ ಹಿಡಿದೆ. ಗುಂಡಿಗಳಲ್ಲಿ ನೀರಿತ್ತು, ಅದನ್ನೆಲ್ಲ ಎತ್ತಿಸಿ ಗಿಡ ಹಾಕಿಸುವಷ್ಟರಲ್ಲಿ ಸಂಜೆ.

"ಅಂಕಲ್ ಏನಂದ್ರು?" ಎಂದು ಆ ಹುಡುಗಿ ಫೋನು ಮಾಡಿದಳು.

"ಅವರಿಗೆ ಸಿಟ್ಟು ಬಂದಿದೆ."

ಆಮೇಲೆ ಕಳಂಬೋಲಿಯ ಯಾವುದೋ ಬಂಗ್ಲೆಯವರು ವೆಬ್‌ಸೈಟ್ ನೋಡಿ ನಂಬರ್ ಕೇಳಿದ್ದಾರೆ ಅಂದಳು. ಅದನ್ನು ಮೊದಲು ಹೇಳಬಾರದೇ?

ಸೆಪ್ಟೆಂಬರ್ 6, ಶನಿವಾರ

ಮೂರು ದಿನದ ಮುನಿಸು ಇವತ್ತು ಒಡೆಯಿತು, ಒಡೆದು ಜಗಳವಾಯಿತು.

ಬೆಳಿಗ್ಗೆ ಎಡಗೈ ಚಾಚಿ ಮೊಬೈಲ್ ಕೇಳಿದರು. ಆ ಫೋಟೋವನ್ನೇ ತೆರೆಸಿ ಅದರ ಮೇಲೆ ಬೆರಳಿಂದ ಕುಟ್ಟಿದರು. ನನ್ನ ಮುಖದ ಮೇಲೆ ಅಂದುಕೊಂಡು ನನಗೂ ರೇಗಿತು. ಇರುವುದು ಈ ಮುಖವೇ ಅಂದೆ. ತಲೆ ಅಲ್ಲಾಡಿಸಿ ಮತ್ತೆ ಕುಟ್ಟಿದರು. ಮುಖದ ಮೇಲಲ್ಲ. ನನ್ನ ಹಿಂದೆ ಚಂಪಾ ನೆಡಲು ತೆಗೆಸಿದ್ದ ಗುಂಡಿಗಳ ಮೇಲೆ. ಆಮೇಲೆ ಗೋಡೆಯ ಮೇಲೆ. ಮತ್ತೆ ಗುಂಡಿ, ಮತ್ತೆ ಗೋಡೆ. ಗುಂಡಿಗಳು ಗೋಡೆಗೆ ತೀರಾ ಹತ್ತಿರವಾದವಂತೆ.

"ಹತ್ತಿರವಾದರೆ ಏನಾಯಿತು? ಚಂಪಾದ ಬೇರು ಗೋಡೆ ಒಡೆಯುವುದಿಲ್ಲ."

"ಇಜ್ಜಿ."

"ಈಚೆಗೆ ಹಾಕಿದರೆ ನಡೆದಾಡುವ ದಾರಿಗೆ ಕೊಂಬೆ ಬರ್ತದೆ. ಮುದುಕರ ಕಣ್ಣಿಗೆ ಚುಚ್ಚಿದರೆ ಜಗಳ ಆಡುವವರು ನೀವಾ?"

"ಇಜ್ಜಿ, ಇಜ್ಜಿ." ಬೆರಳಿಂದ ಗೋಡೆಯ ನೆರಳು ತೋರಿಸಿದರು. ಬಿಸಿಲು ಸಾಲದು ಅನ್ನುವುದು. ಮಧ್ಯಾಹ್ನದವರೆಗೆ ಅಲ್ಲಿ ಪೂರ್ತಿ ಬಿಸಿಲು, ಇವರು ಮಳೆಗಾಲದ ಫೋಟೋ ನೋಡಿಕೊಂಡು ಹೇಳುತ್ತಾರೆ. ಹಾಗೆಂದರೆ ಒಪ್ಪುವುದಿಲ್ಲ. ದಿಂಬು ನೆಲಕ್ಕೆ ಬಿತ್ತು. ನನ್ನ ದನಿ ಕೇಳಿ ಗುರಮ್ಮ ಓಡಿ ಬಂದಳು, ಇಬ್ಬರ ಮುಖವನ್ನೂ ನೋಡಿ ಹಾಗೆಯೇ ತಿರುಗಿ ಹೋದಳು. ಇವರು ಗಂಜಿಯನ್ನು ತಟ್ಟೆ ಒರೆಸಿದ ಹಾಗೆ ತಿಂದು ಮತ್ತೆ ಶುರು ಮಾಡಿದರು.

ಇವರ ಹಟ ನನಗೆ ಗೊತ್ತಿಲ್ಲದ್ದೇ? ನನ್ನ ಸೈಟಿನಲ್ಲಿ ಬಿಸಿಲು ಎಲ್ಲಿ ಬೀಳುತ್ತದೆ ಎಂದು ನನಗೆ ಹೇಳಲು ಬರುತ್ತಾರೆ. ನಾಳೆ ಬೆಳಿಗ್ಗೆ ಟೆಂಪೋ ಮನೆ ಬಾಗಿಲಿಗೇ ತರಲು ಸೈದಪ್ಪನಿಗೆ ಹೇಳಿದ್ದೇನೆ. ಅವನೂ ಇನ್ನೊಬ್ಬನೂ ಸೇರಿ ಕುರ್ಚಿಯ ಸಮೇತ ಎತ್ತಿ ಕೂರಿಸುತ್ತಾರೆ. ಗೇಟಿನ ಒಳಗೆ, ಎಲ್ಲರೂ ಓಡಾಡುವ ಜಾಗದಲ್ಲಿ, ಆ ಗೋಡೆಯ ಎದುರಿಗೇ ಇವರನ್ನು ಇಳಿಸುತ್ತೇನೆ. ಬಿಸಿಲು ಬಂದದ್ದನ್ನು ಕಣ್ಣಾರೆ ನೋಡಿ, ತಪ್ಪು ನನ್ನದಲ್ಲ ಎಂದು ಒಪ್ಪುವವರೆಗೆ ಮನೆಗೆ ಕರೆತರುವುದಿಲ್ಲ.